ಹಳದಿ ವಿಮಾನ, ಜೇನಿನ ಬಸ್ಸು

ದೆಸಾಂಕಾಳ ಮನೆಯಲ್ಲಿ ಉಪ್ಪಿನ ಬಟ್ಟಲು ಮೇಜಿನ ಈ ತುದಿಯಿಂದ ಆ ತುದಿಗೆ ಹೋಗಬೇಕಾದರೆ ಅವಳ ಕೈ ದಾಟಿಯೇ ಹೋಗಬೇಕು. ಒಂದು ತುದಿಯಲ್ಲಿ ಗಂಡ ಸ್ವೆತೋಜಾರ್ ಕೂರುತ್ತಿದ್ದ, ಇನ್ನೊಂದು ತುದಿಯಲ್ಲಿ ಅವಳ ಅಪ್ಪ ಜಿವಾನ್. ಇಬ್ಬರೂ ಒಂದೇ ಸೂರಿನ ಕೆಳಗೆ ಮಲಗುತ್ತಿದ್ದರು, ಒಂದೇ ಪಾತ್ರೆಯ ಸಾರು ಉಣ್ಣುತ್ತಿದ್ದರು, ಒಂದೇ ಬಾಗಿಲ ಬಳಿ ಬೂಟು ಕಳಚುತ್ತಿದ್ದರು. ಆದರೆ ಒಬ್ಬರ ಮುಖ ನೋಡಿ ಒಬ್ಬರು ಮಾತಾಡಿ ಒಂಬತ್ತು ವರ್ಷವಾಗಿತ್ತು.

"ನಿಮ್ಮಪ್ಪಂಗೆ ಹೇಳು, ಉಪ್ಪು ಈ ಕಡೆ ಕಳಿಸ್ಲಿ ಅಂತ," ಎನ್ನುತ್ತಿದ್ದ ಸ್ವೆತೋಜಾರ್, ತಟ್ಟೆಯ ಮೇಲಿನ ಕಣ್ಣು ತೆಗೆಯದೆ.

"ನಿನ್ನ ಗಂಡನಿಗೆ ಹೇಳು, ಸಾರಲ್ಲಿ ಉಪ್ಪು ಸರಿಯಾಗೇ ಇದೆ ಅಂತ," ಎನ್ನುತ್ತಿದ್ದ ಜಿವಾನ್.

ಹೇಳುವುದೇನೂ ಬಾಕಿ ಇರುತ್ತಿರಲಿಲ್ಲ, ಇಬ್ಬರಿಗೂ ಕಿವಿ ಚುರುಕಾಗಿಯೇ ಇತ್ತು. ಆದರೂ ದೆಸಾಂಕಾ ಬಟ್ಟಲು ಎತ್ತಿ ದಾಟಿಸಬೇಕು. ಹಾಗೆ ದಾಟಿಸಿ ದಾಟಿಸಿ ಆ ಬಟ್ಟಲಿನ ನೀಲಿ ಹೂವು ಅವಳ ಹೆಬ್ಬೆರಳು ಮುಟ್ಟುವ ಜಾಗದಲ್ಲಿ ಸವೆದು ಹೋಗಿತ್ತು.

ಜಗಳದ ಕತೆ ಬಾನಾತ್ ಬಯಲುಸೀಮೆಯ ಆ ಊರಿಗೆಲ್ಲ ಗೊತ್ತಿತ್ತು. ಜಿವಾನ್ ಆಗ ಹೊಲಗಳಿಗೆ ಔಷಧಿ ಹೊಡೆಯುವ ವಿಮಾನ ಹಾರಿಸುತ್ತಿದ್ದ. ಸ್ವೆತೋಜಾರ್ ಜೇನು ಸಾಕುತ್ತಿದ್ದ, ಈಗಲೂ ಸಾಕುತ್ತಾನೆ. ಹಳೆಯ ಬಸ್ಸೊಂದರ ಸೀಟು ಕಿತ್ತು, ಎರಡೂ ಮಗ್ಗುಲಿಗೆ ಬಣ್ಣಬಣ್ಣದ ಜೇನುಪೆಟ್ಟಿಗೆ ಜೋಡಿಸಿ, ಹೂ ಬಿಟ್ಟಲ್ಲಿಗೆ ಅದನ್ನು ಓಡಿಸಿಕೊಂಡು ಹೋಗುವುದು ಅವನ ಬದುಕು. ಆ ವಸಂತದಲ್ಲಿ ಬಸ್ಸು ಸಾಸಿವೆ ಹೊಲದ ಬದುವಿನಲ್ಲಿ ನಿಂತಿತ್ತು. ಪಕ್ಕದ ಗೋಧಿ ಹೊಲಕ್ಕೆ ಜಿವಾನ್ ಔಷಧಿ ಹೊಡೆಯುತ್ತಿದ್ದ. ಕೊನೆಯ ಸಾಲಿನ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿತು. ಸಂಜೆಗೆ ಅರ್ಧಕ್ಕರ್ಧ ಪೆಟ್ಟಿಗೆಗಳ ಬಾಯಿಯಲ್ಲಿ ಹುಳ ಸತ್ತು ರಾಶಿ ಬಿದ್ದಿದ್ದವು, ಸ್ವೆತೋಜಾರ್ ಅವನ್ನು ಪೊರಕೆಯಲ್ಲಿ ಗುಡಿಸಿ ಹೂತ.

"ಗಾಳಿ ತಿರುಗಿತು," ಎಂದಿದ್ದ ಜಿವಾನ್. ಅದೊಂದೇ ಮಾತು. ಆ ಬೇಸಿಗೆಯಲ್ಲೇ ಲೈಸೆನ್ಸು ತಿರುಗಿ ಕೊಟ್ಟು ಮನೆಯಲ್ಲಿ ಕೂತ. ಆಮೇಲೆ ಅವನ ಹೆಂಡತಿ ತೀರಿಕೊಂಡಳು. ಒಂಟಿಯಾಗಿ ಒಣ ಬ್ರೆಡ್ಡು, ಹಂದಿ ಕೊಬ್ಬು ತಿಂದುಕೊಂಡಿದ್ದ ಅಪ್ಪನನ್ನು ದೆಸಾಂಕಾ ಮನೆಗೆ ಕರೆತಂದಳು.

"ಇರ್ಲಿ, ನಿಮ್ಮಪ್ಪ," ಎಂದಿದ್ದ ಸ್ವೆತೋಜಾರ್. "ಬಿಸಿ ನೀರು, ಬಿಸಿ ಊಟ, ಏನು ಬೇಕಾದ್ರೂ ಕೊಡು. ನನ್ನ ಬಾಯಲ್ಲಿ ಮಾತು ಮಾತ್ರ ಹುಡುಕಬೇಡ."

ಅಂಥ ಮನೆಯಲ್ಲಿ ಬೆಳೆದ ಮಗಳು ನೆವೆನಾಳಿಗೆ ವಿಮಾನದ ಹುಚ್ಚು ಹಿಡಿದದ್ದನ್ನು ಅಪ್ಪ ಸ್ವೆತೋಜಾರ್ ಹೇಗೋ ನುಂಗಿಕೊಂಡಿದ್ದ. ಶೋಕಿಗೆ ಹಾರುವ ಖಾಸಗಿ ಲೈಸೆನ್ಸು ಮೊದಲು ಬಂತು. ಆಮೇಲೆ ಪಟ್ಟಣದ ಹಾರಾಟದ ಶಾಲೆಯಲ್ಲಿ ಸಂಬಳಕ್ಕೆ ಹಾರುವ ಲೈಸೆನ್ಸೂ ಬಂತು. ಸ್ವೆತೋಜಾರ್ ಸಂತೆಯಲ್ಲಿ ಜೇನಿನ ಬಾಟಲಿ ಸುತ್ತಿಕೊಡುತ್ತ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ: "ಇನ್ನು ಮೋಡದೊಳಗೆ ಹಾರೋದು ಕಲೀಬೇಕು, ಕಣ್ಣಿಗೆ ಏನೂ ಕಾಣದೆ ಬರೀ ಮೀಟರಿನ ಮುಳ್ಳು ನೋಡ್ಕೊಂಡು. ಆಮೇಲೆ ಎರಡು ಎಂಜಿನ್ನಿಂದು. ಆಮೇಲೆ ದೊಡ್ಡ ವಿಮಾನ, ಬಿಳಿ ಅಂಗಿ, ಭುಜದ ಮೇಲೆ ಪಟ್ಟಿ."

ಮೇ ತಿಂಗಳು. ಮರಳುದಿಬ್ಬಗಳ ಕಡೆ ಬಾಗ್ರೆಮ್ ಮರ ಬಿಳಿ ಹೂ ಬಿಟ್ಟು ಮುಗಿದಿತ್ತು. ಸ್ವೆತೋಜಾರ್ ಬಸ್ಸು ಮನೆಗೆ ತಂದಿದ್ದ, ಫಸಲು ಚೆನ್ನಾಗಿತ್ತು, ಮನಸ್ಸೂ ಹಗುರಾಗಿತ್ತು. ದೆಸಾಂಕಾ ಪ್ಲಮ್ ಹಣ್ಣು ತುಂಬಿದ ಕಡುಬು ಮಾಡಿ, ಹುರಿದ ಬ್ರೆಡ್ ಪುಡಿಯಲ್ಲಿ ಹೊರಳಿಸಿ ಮೇಜಿಗಿಟ್ಟಳು.

"ಮೋಡದ ಪಾಠ ಯಾವತ್ತಿಂದಮ್ಮ?" ಅಪ್ಪ ಮಗಳನ್ನು ಕೇಳಿದ.

ನೆವೆನಾ ಕಡುಬು ಎರಡು ಹೋಳು ಮಾಡಿದಳು, ನಾಲ್ಕು ಮಾಡಿದಳು. "ಅದಕ್ಕೆ ಹೆಸರು ಕೊಟ್ಟಿಲ್ಲ ಅಪ್ಪ."

"ಮತ್ತೆ ಯಾವುದಕ್ಕೆ ಕೊಟ್ಟೆ?"

"ಹೊಲದ ಮೇಲೆ ಹಾರೋದಕ್ಕೆ. ಔಷಧಿ ಹೊಡೆಯೋ ವಿಮಾನಕ್ಕೆ. ನಮ್ಮ ಮೈದಾನದಲ್ಲೇ, ಕೋರ್ನೆಲ್ ಹತ್ರ. ಮುಂದಿನ ವಾರ ಶುರು."

ಸ್ವೆತೋಜಾರ್ ಫೋರ್ಕನ್ನು ಮೆಲ್ಲಗೆ ತಟ್ಟೆಯ ಪಕ್ಕಕ್ಕಿಟ್ಟ. ಹೆಂಡತಿಯ ಕಡೆ ತಿರುಗಿದ. "ನಿಮ್ಮಪ್ಪಂಗೆ ಕೇಳು, ಇದು ಯಾರ ಕಿತಾಪತಿ ಅಂತ."

"ನಾನು ತಲೆಗೆ ತುಂಬಿಲ್ಲ ಅಂತ ಹೇಳು," ಎಂದ ಜಿವಾನ್. "ಆದ್ರೆ ನನಗೆ ಬೇಜಾರೂ ಆಗಿಲ್ಲ ಅಂತ ಹೇಳು."

"ಯಾರೂ ತುಂಬಿಲ್ಲ," ನೆವೆನಾ ಅಂದಳು. "ಆ ದೊಡ್ಡ ವಿಮಾನದಲ್ಲಿ ಕೂತು ಮೋಡ ನೋಡ್ಕೊಂಡು ಊರಿಂದೂರಿಗೆ ಹೋಗೋದು ನನ್ನ ಕೈಲಾಗಲ್ಲ ಅಪ್ಪ. ಶಾಲೆಯಲ್ಲಿ ಒಂದೆರಡು ಸಲ ಕೂರಿಸಿದ್ರು. ನಿದ್ದೆ ಬಂತು. ನನಗೆ ಹೊಲ ಬೇಕು, ಮರ ಬೇಕು, ಎಲ್ಲಿ ತಂತಿ ಇದೆ ಎಲ್ಲಿ ಗಾಳಿ ಇದೆ ಅಂತ ನೋಡ್ಕೊಂಡು ಹಾರಬೇಕು."

"ಎಲ್ಲಿ ಜೇನಿದೆ ಅಂತಾನೂ ನೋಡ್ತೀಯಾ?"

"ಅದನ್ನ ಎಲ್ಲಕ್ಕಿಂತ ಮೊದಲು ನೋಡ್ತೀನಿ. ನಿನ್ನ ಮಗಳಲ್ವಾ ನಾನು? ಯಾರಾದ್ರೂ ಹೊಡೆಯೋರೇ. ನೋಡಿ ಹೊಡೆಯೋರು ಹೊಡೆದ್ರೆ ಒಳ್ಳೇದಲ್ವಾ?"

"ಅವತ್ತು ಹೊಡೆದೋರೂ ನೋಡೇ ಹೊಡೆದಿದ್ರು," ಎಂದು ಸ್ವೆತೋಜಾರ್ ಎದ್ದು ಹೋದ. ಅವನ ತಟ್ಟೆಯಲ್ಲಿ ಉಳಿದ ಕಡುಬುಗಳನ್ನು ಜಿವಾನ್ ಸ್ವಲ್ಪ ಹೊತ್ತು ನೋಡಿ, ಒಂದನ್ನು ಎತ್ತಿಕೊಂಡ. ದೆಸಾಂಕಾ ಅವನ ಕೈ ಮೇಲೊಂದು ಏಟು ಕೊಟ್ಟಳು.

"ನಾಚಿಕೆ ಆಗ್ಬೇಕು ನಿನಗೆ ಅಪ್ಪ."

"ಆಗುತ್ತೆ ಕಣೇ. ಕಡುಬು ತಣ್ಣಗಾದ್ರೆ ಇನ್ನೂ ನಾಚಿಕೆ."

ಮರುದಿನದಿಂದ ಸ್ವೆತೋಜಾರ್‌ಗೂ ಮಗಳಿಗೂ ಮಾತು ನಿಂತಿತು. "ನಿನ್ನ ಮಗಳಿಗೆ ಹೇಳು, ಬಸ್ಸಿನ ಮುಂದೆ ಸೈಕಲ್ ನಿಲ್ಲಿಸಬೇಡ ಅಂತ." "ಅಪ್ಪಂಗೆ ಹೇಳಮ್ಮ, ಸೈಕಲ್ ತೆಗೆದೆ ಅಂತ." ದೆಸಾಂಕಾಳಿಗೆ ಬಟ್ಟೆ ಒಗೆಯುವಾಗಲೂ ಹಿತ್ತಲಿಂದ ಒಂದು ದನಿ, ಅಟ್ಟದಿಂದ ಒಂದು ದನಿ.

ಕೋರ್ನೆಲ್ ಊರಾಚೆ ವಿಮಾನ ಇಳಿಯುವ ಹುಲ್ಲು ಮೈದಾನದಲ್ಲಿ ಹಾರಾಟ ಕಲಿಸುವ ಶಿಕ್ಷಕ. ಹಂಗೇರಿಯನ್ ಮನೆತನದವನು, ಒಣಕಲು ಮನುಷ್ಯ. ಹೊಗಳುವುದೆಂದರೆ ಅವನ ನಾಲಿಗೆಗೆ ಭಾರ. ಮೊದಲ ದಿನಗಳಲ್ಲಿ ಜೋಡಿ ಸೀಟಿನ ವಿಮಾನದಲ್ಲಿ ತಾನೂ ಕೂತು ಕಲಿಸಿದ. ಹೊಲವನ್ನು ಮೊದಲು ಕಾಲಲ್ಲಿ ಸುತ್ತಬೇಕು, ಆಮೇಲೆ ಮೇಲಿಂದ ಸುತ್ತಬೇಕು. ಬೆಳೆಯ ತುದಿಯಿಂದ ಆಳೆತ್ತರದಲ್ಲಿ ನೇರ ಹಾಯಬೇಕು. ಬದು ಬಂದಾಗ ಔಷಧಿಯ ಕವಾಟ ಮುಚ್ಚಿ ಮೇಲೆದ್ದು, ಅಗಲವಾಗಿ ತಿರುಗಿ, ಪಕ್ಕದ ಸಾಲಿಗೆ ಮತ್ತೆ ಇಳಿಯಬೇಕು. ಇದಿಷ್ಟೇ ವಿದ್ಯೆ. ಇದರಲ್ಲಿ ಜನ ಸಾಯುವುದು ತಿರುವಿನಲ್ಲಿ. ಔಷಧಿಯ ತೊಟ್ಟಿ ತುಂಬಿರುತ್ತದೆ, ವಿಮಾನ ಗಬ್ಬದ ಹಸುವಿನ ಹಾಗೆ ಭಾರವಿರುತ್ತದೆ. ಬೇಗ ಸಾಲಿಗೆ ಬರಬೇಕೆಂದು ಬಿಗಿಯಾಗಿ ತಿರುಗಿಸಿದರೆ ರೆಕ್ಕೆ ಹಿಡಿತ ಬಿಟ್ಟು ಕೆಳಗೆ ಬೀಳುತ್ತದೆ.

ನೆವೆನಾ ಬಿಗಿಯಾಗಿಯೇ ತಿರುಗಿಸುತ್ತಿದ್ದಳು.

ಜೂನ್ ನಡುವಿನಲ್ಲಿ ಮೊದಲ ಪರೀಕ್ಷೆ. ಒಂಟಿ ಸೀಟಿನ ಹಳದಿ ವಿಮಾನದಲ್ಲಿ ಅವಳೊಬ್ಬಳೇ, ಕೋರ್ನೆಲ್ ಕೆಳಗೆ ರೇಡಿಯೋ ಹಿಡಿದು ನಿಂತಿದ್ದ. ಎರಡನೆಯ ತಿರುವಿಗೇ ಇಳಿದು ಬಾ ಎಂದ.

ಅವಳು ಮನೆಗೆ ಬಂದು ಗಸಗಸೆ ಹಾಕಿದ ನೂಡಲ್ಸನ್ನು ತಟ್ಟೆಯಲ್ಲೇ ಸುತ್ತುತ್ತ ಕೂತಳು.

"ಏನಂದ?" ದೆಸಾಂಕಾ ಕೇಳಿದಳು.

"'ನಿನ್ನ ಶವ ಹೊರೋಕೆ ನನಗೆ ವಯಸ್ಸಾಗಿದೆ' ಅಂದ. ಇನ್ನೊಂದು ಸಲ ಕೊಡ್ತಾನಂತೆ, ಜುಲೈ ಮೊದಲಲ್ಲಿ. ಅದೂ ಹೋದ್ರೆ ಈ ಮೈದಾನದಲ್ಲಿ ಇನ್ನು ಕೂರಿಸಲ್ಲ ಅಂದ."

ಸ್ವೆತೋಜಾರ್ ತಲೆ ಎತ್ತಲಿಲ್ಲ. ಆದರೆ ಶವ ಎಂಬ ಮಾತಿಗೆ ಅವನ ಚಮಚ ತುಟಿಯ ಹತ್ತಿರ ಒಂದು ಗಳಿಗೆ ನಿಂತದ್ದನ್ನು ದೆಸಾಂಕಾ ಕಂಡಳು.

ಅಂದಿನಿಂದ ಊಟ ಮುಗಿದ ಮೇಲೆ ಜಿವಾನ್ ಮೇಜಿನ ಮೇಲೆ ಪಾಠ ಶುರು ಮಾಡಿದ. ಮೇಜುಬಟ್ಟೆಯ ಚೌಕಳಿ ಹೊಲ, ಬ್ರೆಡ್ಡಿನ ಅಂಚುಗಳು ಮರದ ಸಾಲು, ಉಪ್ಪಿನ ಬಟ್ಟಲು ವಿಮಾನ.

"ಹೊರಟೆ. ಬದು ಬಂತು. ಮುಚ್ಚು. ಏಳು. ಈಗ?"

ನೆವೆನಾ ಬಟ್ಟಲನ್ನು ಚಕ್ಕನೆ ತಿರುಗಿಸಿದಳು.

"ಸತ್ತೆ," ಎಂದ ಅಜ್ಜ. "ಹೊಲ ಎಲ್ಲಿಗೂ ಓಡಿಹೋಗಲ್ಲ ಕಣಮ್ಮ. ಮೊದಲು ಆ ಕಡೆ ಸರಿ. ಇನ್ನೂ ಸರಿ. ಮರದ ಸಾಲು ದಾಟಿ ಹೋಗು. ಆಮೇಲೆ ತಿರುಗು. ಮುದುಕಿ ಸಂತೆಯಿಂದ ಮನೆಗೆ ಬಂದ ಹಾಗೆ, ನಿಧಾನಕ್ಕೆ."

"ಅಷ್ಟು ದೂರ ಹೋದ್ರೆ ಹೊತ್ತು ಹಾಳಾಗುತ್ತೆ ಅಜ್ಜ."

"ಆಗ್ಲಿ. ಇನ್ನೊಂದು ಮಾತು." ಜಿವಾನ್ ದನಿ ಸಣ್ಣದು ಮಾಡಿದ. ಪಾತ್ರೆ ತೊಳೆಯುತ್ತಿದ್ದ ದೆಸಾಂಕಾ ನಲ್ಲಿ ನಿಲ್ಲಿಸಿದಳು. "ಗಾಳಿ ಸರಿಯಿಲ್ಲ ಅನ್ನಿಸಿದಾಗ, ಏನೋ ಸರಿಯಿಲ್ಲ ಅನ್ನಿಸಿದಾಗ, ಮನಸ್ಸಿನಲ್ಲಿ ಒಂದು ಮಾತು ಬರುತ್ತೆ. ಇನ್ನೊಂದೇ ಸಾಲು, ಮುಗಿಸಿಬಿಡೋಣ ಅಂತ. ಆ ಮಾತು ಬಂತೋ, ಅಲ್ಲಿಂದಲೇ ಮನೆಗೆ ಬಾ. ತೊಟ್ಟಿ ತುಂಬಿದ್ರೂ ಬಾ."

ದೆಸಾಂಕಾ ಅಪ್ಪನ ಬೆನ್ನನ್ನೇ ನೋಡಿದಳು. ಅವನು ಬಟ್ಟಲಿನಿಂದ ಚೆಲ್ಲಿದ ಉಪ್ಪಿನ ಹರಳುಗಳನ್ನು ಬೆರಳ ತುದಿಯಲ್ಲಿ ಒಂದೊಂದಾಗಿ ಎತ್ತುತ್ತಿದ್ದ. ಅವಳು ನಲ್ಲಿ ಮತ್ತೆ ತಿರುಗಿಸಿದಳು.

ಅದೇ ವಾರ ಅವಳ ತಾಳ್ಮೆ ಮುಗಿಯಿತು. ಭಾನುವಾರದ ಹುರುಳಿಕಾಯಿ ಬೀಜದ ಸಾರು, ಹೊಗೆ ಹಾಕಿದ ಮಾಂಸದ ತುಂಡು ಬಿದ್ದದ್ದು. ಅವಳಿನ್ನೂ ಕುಳಿತಿರಲಿಲ್ಲ.

"ನಿಮ್ಮಪ್ಪಂಗೆ ಹೇಳು, ಉಪ್ಪಿನ ಬಟ್ಟಲು ಆಟದ ಸಾಮಾನಲ್ಲ ಅಂತ."

"ನಿನ್ನ ಗಂಡನಿಗೆ ಹೇಳು, ಉಪ್ಪು ಹೆಚ್ಚಾದ್ರೆ ರಕ್ತದೊತ್ತಡ ಬರುತ್ತೆ ಅಂತ."

"ಅಮ್ಮ, ಅಪ್ಪಂಗೆ ಹೇಳು…"

ದೆಸಾಂಕಾ ಸಾರಿನ ಸೌಟು ಪಾತ್ರೆಗೆ ಬಿಟ್ಟಳು. "ಇವತ್ತಿಗೆ ಸಾಕು. ಇಷ್ಟು ವರ್ಷ ಸಂಬಳ ಇಲ್ಲದ ಅಂಚೆ ಕಚೇರಿ ಆಗಿದ್ದೆ. ನಾಳೆಯಿಂದ ಬಾಗಿಲು ಹಾಕ್ತೀನಿ. ಯಾರಿಗೆ ಯಾರ ಹತ್ರ ಏನು ಹೇಳೋದಿದ್ರೂ ಅವರಿಗೇ ಹೇಳಿ. ನನ್ನ ಕೈಲಿ ಒಂದು ಮಾತೂ ಹೋಗಲ್ಲ, ಒಂದು ಮಾತೂ ಬರಲ್ಲ."

ಮೂವರೂ ನಂಬಲಿಲ್ಲ. ಆದರೆ ಅವಳು ಮಾತಿಗೆ ತಪ್ಪಲಿಲ್ಲ. ಉಪ್ಪು ಕೇಳಿದರೆ ಕಿಟಕಿಯಾಚೆ ನೋಡುತ್ತಿದ್ದಳು. ಎರಡು ದಿನ ಸ್ವೆತೋಜಾರ್ ಸಪ್ಪೆ ಉಂಡ. ಮೂರನೆಯ ದಿನ ಅಂಗಡಿಯಿಂದ ತನಗೇ ಬೇರೆ ಉಪ್ಪಿನ ಬಟ್ಟಲು ತಂದ, ಕೆಂಪು ಪ್ಲಾಸ್ಟಿಕ್ಕಿನದು. ತನ್ನ ತಟ್ಟೆಯ ಪಕ್ಕಕ್ಕೆ ಗಟ್ಟಿಯಾಗಿ ಕುಕ್ಕಿದ.

"ನೋಡು ನೋಡು, ಬೇರೆ ಸಂಸಾರ ಹೂಡಿದ್ರು," ಎಂದ ಜಿವಾನ್ ಗೋಡೆಯ ಗಡಿಯಾರಕ್ಕೆ.

ಮನೆ ತಣ್ಣಗಾಯಿತು. ದೆಸಾಂಕಾಳಿಗೆ ಮೊದಲು ಹಾಯೆನಿಸಿತು. ಬಟ್ಟೆ ಮಡಚುವಾಗ ಬಟ್ಟೆಯಷ್ಟೇ ಇತ್ತು, ಬೇರೆ ಯಾರ ಸಿಟ್ಟೂ ಇರಲಿಲ್ಲ. ಆದರೆ ಆ ಅಂಚೆ ಕಚೇರಿಯಲ್ಲಿ ಉಪ್ಪಿನ ಮಾತು ಮಾತ್ರ ಓಡಾಡುತ್ತಿರಲಿಲ್ಲ ಎಂಬುದು ಅವಳಿಗೂ ಮರೆತಿತ್ತು.

ಆ ಕಡೆಯ ಜೇನುಗಾರರಿಗೆ ಒಂದು ಪದ್ಧತಿ ಉಂಟು. ಪೆಟ್ಟಿಗೆ ಎಲ್ಲಿಗೆ ಸಾಗಿಸಿದರೂ ಗ್ರಾಮ ಕಚೇರಿಗೆ ತಿಳಿಸಬೇಕು. ವಿಮಾನದವರು ಹಾರುವ ಹಿಂದಿನ ದಿನ ಕಚೇರಿಗೆ ಫೋನು ಮಾಡಿ, ಆ ಹೊಲದ ಹತ್ತಿರ ಜೇನಿದೆಯೇ ಎಂದು ಕೇಳುತ್ತಾರೆ. ಸ್ವೆತೋಜಾರ್ ಫೋನಿನಲ್ಲಿ ಮಾತಾಡುವ ಪೈಕಿಯವನಲ್ಲ. ಇಂಥ ಹೊಲಕ್ಕೆ ಹೋಗ್ತಿದೀನಿ ಎಂದು ಅಡುಗೆಮನೆಯಲ್ಲಿ ಹೇಳಿ ಹೊರಡುತ್ತಿದ್ದ. ದೆಸಾಂಕಾ ಕಚೇರಿಯ ಗುಮಾಸ್ತೆ ಸಾವೆತಾಳಿಗೆ ಫೋನು ಮಾಡಿ, ಹಾಗೇ ನಾಲ್ಕು ಊರ ಸುದ್ದಿ ಆಡಿ, ಬರೆಸುತ್ತಿದ್ದಳು. ವಿಮಾನದ ಸುದ್ದಿ ಇದ್ದರೆ ಗಂಡನಿಗೆ ಹೇಳುತ್ತಿದ್ದಳು.

ಜುಲೈ ಬಂತು, ಸೂರ್ಯಕಾಂತಿ ಅರಳತೊಡಗಿತು. ಒಂದು ಮಧ್ಯಾಹ್ನ ಸ್ವೆತೋಜಾರ್ ಅಡುಗೆಮನೆಯ ಬಾಗಿಲಲ್ಲಿ ನಿಂತು, ಬೂಟಿನ ದಾರ ಕಟ್ಟುತ್ತ, "ಇವತ್ತು ಸೂರ್ಯಕಾಂತಿಗೆ ಹೋಗ್ಬೇಕು," ಎಂದ.

"ಯಾರಿಗೆ ಹೇಳ್ತಿದೀರಿ?" ದೆಸಾಂಕಾ ಈರುಳ್ಳಿ ಹೆಚ್ಚುತ್ತಲೇ ಕೇಳಿದಳು. "ಬೆಕ್ಕಿಗಾ?"

ಬೆಕ್ಕು ಒಲೆಯ ಮಗ್ಗುಲಲ್ಲಿ ಮಲಗಿತ್ತು. ಸ್ವೆತೋಜಾರ್ ಅದರ ಕಡೆ ನೋಡಿದ. "ಹೂಂ. ಬೆಕ್ಕಿಗೇ."

ಯಾವ ಹೊಲ ಎಂದು ಅವನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಇವನೇ ಫೋನು ಮಾಡಿಕೊಳ್ಳುತ್ತಾನೆ ಎಂದು ಅವಳು ಅಂದುಕೊಂಡಳು. ಎಷ್ಟು ಮುನಿಸಿದ್ದರೂ ಜೇನಿನ ವಿಷಯಕ್ಕೆ ಫೋನು ಮಾಡೇ ಮಾಡುತ್ತಾಳೆ ಎಂದು ಅವನು ಅಂದುಕೊಂಡ. ಹುಳವೆಲ್ಲ ಪೆಟ್ಟಿಗೆ ಸೇರಿದ ಮೇಲೆ, ಕತ್ತಲಾಗುತ್ತಿದ್ದಂತೆ, ಬಸ್ಸು ಹೊರಟಿತು.

ಮರುದಿನವೇ ನೆವೆನಾಳ ಎರಡನೆಯ ಪರೀಕ್ಷೆ. ಬಸ್ಸು ಹೊರಡುವ ಮೊದಲೇ, ಆ ಸಂಜೆ, ಅವಳು ಹೊಲವನ್ನು ಕಾಲಲ್ಲಿ ಸುತ್ತಿ, ಮೇಲಿಂದಲೂ ಸುತ್ತಿ ಬಂದಿದ್ದಳು: ಮೆಕ್ಕೆಜೋಳದ ಹೊಲ, ಒಂದು ಬದುವಿಗೆ ವಿದ್ಯುತ್ ತಂತಿ, ಇನ್ನೊಂದು ಬದುವಿಗೆ ದಟ್ಟ ಬಾಗ್ರೆಮ್ ಮರಗಳ ಸಾಲು, ಅದರಾಚೆ ಬೇರೆಯವರ ಸೂರ್ಯಕಾಂತಿ. ಕೋರ್ನೆಲ್ ಕಚೇರಿಗೆ ಫೋನು ಮಾಡಿದ್ದ. ಅಲ್ಲಿ ಯಾರ ಪೆಟ್ಟಿಗೆಯೂ ಇಲ್ಲ ಎಂದಿದ್ದಳು ಸಾವೆತಾ.

ಬೆಳಿಗ್ಗೆ ಗಾಳಿ ಏಳುವ ಮೊದಲು ದೆಸಾಂಕಾ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಆ ಹೊಲಕ್ಕೆ ಹೋದಳು. ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ, ಕಂಕುಳಲ್ಲಿ ಕೋಲು. ಜಿವಾನ್ ತಂತಿಯ ಕಡೆಯ ಬದುವಿನಲ್ಲಿ ದೊರೆಯಂತೆ ಕೂತ.

"ಇಲ್ಲಿ ಕೂತ್ಕೊಂಡು ಹುಡುಗಿಗೆ ಸನ್ನೆ ಗಿನ್ನೆ ಮಾಡ್ಬೇಡಿ," ಎಂದ ಕೋರ್ನೆಲ್, ರೇಡಿಯೋ ಕುತ್ತಿಗೆಗೆ ನೇತು ಹಾಕಿಕೊಳ್ಳುತ್ತ.

"ನನ್ನ ಕೈ ನಡುಗುತ್ತೆ. ಅದನ್ನ ಸನ್ನೆ ಅಂತ ತಿಳ್ಕೊಂಡ್ರೆ ನನ್ನ ತಪ್ಪಲ್ಲ. ತೊಟ್ಟಿಗೆ ಏನು ತುಂಬಿದ್ದೀಯ?"

"ನೀರು. ನಿಮ್ಮ ಕಾಲದಲ್ಲಿ ಪರೀಕ್ಷೆಗೆ ಏನು ತುಂಬ್ತಿದ್ರು, ರಾಕಿಯಾ ಸಾರಾಯಿನಾ?"

"ತುಂಬಿದ್ರೆ ಹೊಲಕ್ಕೆ ಬೀಳೋಕೆ ಉಳೀತಿರ್ಲಿಲ್ಲ."

ಹಳದಿ ವಿಮಾನ ಬಂತು. ತಂತಿಯ ಮೇಲಿಂದ ಇಳಿದು, ಜೋಳದ ತೆನೆ ನೇವರಿಸುವಂತೆ ಹಾಯ್ದು, ಹಿಂದೆ ನೀರಿನ ಬಿಳಿ ಪರದೆ ಎಳೆದುಕೊಂಡು ಹೋಯಿತು. ಎಳೆಬಿಸಿಲಿನಲ್ಲಿ ಆ ಪರದೆಯಲ್ಲಿ ಬಣ್ಣ ಕಂಡಿತು. ಮರದ ಸಾಲಿನ ಹತ್ತಿರ ಪರದೆ ತುಂಡಾಯಿತು, ವಿಮಾನ ಮೇಲೆದ್ದಿತು.

"ಸರಿ… ಸರಿ… ಇನ್ನೂ ಸರಿಯಮ್ಮ," ಜಿವಾನ್ ಗೊಣಗಿದ. ಅವನ ಬಲಗೈ ಮೊಣಕಾಲ ಮೇಲೆ ಇಲ್ಲದ ಉಪ್ಪಿನ ಬಟ್ಟಲನ್ನು ಸರಿಸುತ್ತಿತ್ತು.

ಮೊದಲ ತಿರುವು ಕೊಂಚ ಬಿಗಿಯಾಯಿತು, ಕೋರ್ನೆಲ್ ಹಲ್ಲುಗಳ ನಡುವೆ ಉಸಿರೆಳೆದ. ಆ ಸಾಲು ಮುಗಿಸಿ ವಿಮಾನ ಇವರ ತಲೆಯ ಮೇಲೆ ಹಾದು ತಿರುಗಿತು, ಆ ತಿರುವು ಪರವಾಗಿಲ್ಲ. ಮೂರನೆಯ ಸಾಲಿನ ಕೊನೆಯಲ್ಲಿ ಅವಳು ಸರಿದಳು, ಇನ್ನೂ ಸರಿದಳು, ಮರದ ಸಾಲು ದಾಟಿ ಸೂರ್ಯಕಾಂತಿಯ ಮೇಲೆ ಹೋಗಿ, ಮುದುಕಿ ಸಂತೆಯಿಂದ ಮರಳುವ ಹಾಗೆ ತಿರುಗಿದಳು.

"ಹಾಂ," ಎಂದ ಜಿವಾನ್. "ಅದು ತಿರುವು."

ಆದರೆ ವಿಮಾನ ಸಾಲಿಗೆ ಇಳಿಯಲಿಲ್ಲ. ರೆಕ್ಕೆ ಸಮ ಮಾಡಿಕೊಂಡು, ಎತ್ತರದಲ್ಲೇ, ನೀರು ಬಿಡದೆ, ಇವರ ತಲೆಯ ಮೇಲೆ ಹಾದು ಹೋಯಿತು.

ಜಿವಾನ್ ಕೋಲೂರಿ ಎದ್ದ. "ಎಂಜಿನ್ನಾ?"

ಕೋರ್ನೆಲ್ ರೇಡಿಯೋ ಬಾಯಿಗೆ ಹಿಡಿದ. "ಯಾಕೆ ಬಿಟ್ಟೆ? ಇನ್ನೂ ಸಾಲು ಬಾಕಿ ಇದೆ."

ಕರಕರ ಸದ್ದಿನ ನಡುವೆ ನೆವೆನಾಳ ದನಿ ಬಂತು. "ಮರದ ಹಿಂದೆ ಜೇನಿದೆ."

"ಕಚೇರಿಯವರು ಇಲ್ಲ ಅಂದಿದ್ದಾರೆ."

"ಇದೆ. ನೋಡ್ದೆ."

"ಇದ್ರೆ ಇರ್ಲಿ. ನಿನ್ನ ತೊಟ್ಟೀಲಿರೋದು ನೀರು."

ಆಮೇಲೆ ಅದೇ ಮಾತು: "ಜೇನಿದೆ. ನಾನು ಮೈದಾನಕ್ಕೆ ಹೋಗ್ತಿದೀನಿ."

ದೆಸಾಂಕಾಳ ಕೈಯಲ್ಲಿದ್ದ ಕಾಫಿ ಲೋಟ ಓರೆಯಾಗಿ ಅವಳ ಬೂಟಿನ ಮೇಲೆ ಸುರಿಯಿತು. ಸೂರ್ಯಕಾಂತಿ, ಬೆಕ್ಕು, ಬೂಟಿನ ದಾರ ಎಲ್ಲ ಒಟ್ಟಿಗೆ ನೆನಪಾದವು. "ಅಪ್ಪ, ಕಾರು ಹತ್ತು. ಬಸ್ಸು ಅಲ್ಲಿದೆ."

ಮರದ ಸಾಲಿನ ಆಚೆ, ನೆರಳಿಗೆ ಒತ್ತಿಕೊಂಡು, ಬಸ್ಸು ನಿಂತಿತ್ತು. ಸ್ವೆತೋಜಾರ್ ಮುಖಕ್ಕೆ ಬಲೆಯಿಲ್ಲದೆ, ಅಂಗಿಯಿಲ್ಲದೆ, ಬಸ್ಸಿನ ಉದ್ದಕ್ಕೂ ಓಡುತ್ತಿದ್ದ. ಹುಲ್ಲು ಕಿತ್ತು ಕಿತ್ತು ಪೆಟ್ಟಿಗೆಗಳ ಬಾಯಿಗೆ ತುರುಕುತ್ತಿದ್ದ. ಹುಲ್ಲು ಸಾಲದಲ್ಲಿಗೆ ಅಂಗಿ ಹರಿದು ತುರುಕಿದ್ದ. ಹೊರಗೇ ಉಳಿದ ಹುಳಗಳು ಅವನ ತಲೆಯ ಸುತ್ತ ಮುತ್ತಿದ್ದವು, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಕಾರು ನಿಂತದ್ದನ್ನು ನೋಡಿದ. ಹೆಂಡತಿಯನ್ನು ನೋಡಿದ. ಅವಳ ಹಿಂದೆ ಕೋಲೂರಿ ಇಳಿಯುತ್ತಿದ್ದ ಮುದುಕನನ್ನು ನೋಡಿ ಅಲ್ಲೇ ನಿಂತ.

ದೆಸಾಂಕಾ ಬಾಯಿ ತೆರೆದಳು. ಅಷ್ಟರಲ್ಲಿ ಸ್ವೆತೋಜಾರ್ ಅವಳನ್ನು ದಾಟಿ ಹೋಗಿ ಅವಳಪ್ಪನ ಮುಂದೆ ನಿಂತಿದ್ದ.

"ಮಾವ, ಏನು ಹೊಡೆದ್ರು ಅದು?"

ಜಿವಾನ್ ಕೋಲು ನೆಟ್ಟಗೆ ಊರಿದ. "ನೀರು."

"ಬರೀ ನೀರಾ?"

"ಬರೀ ನೀರು ಅಳಿಯಂದ್ರೆ. ಪರೀಕ್ಷೆಗೆ ನೀರೇ ತುಂಬೋದು. ಬಾವಿ ನೀರು."

ಸ್ವೆತೋಜಾರ್ ಬಸ್ಸಿನ ಮೆಟ್ಟಿಲ ಮೇಲೆ ಕುಸಿದು ಕೂತ. ಸ್ವಲ್ಪ ಹೊತ್ತಿಗೆ ಮೇಲೆ ನೋಡಿ, "ಯಾರು ಹಾರಿಸ್ತಿದ್ದದ್ದು?" ಎಂದ.

"ಯಾರು ಅಂದ್ರೆ? ನಿಮ್ಮ ಮಗಳು. ನಿಮ್ಮ ಬಸ್ಸು ನೋಡಿ ಕೈಬಿಟ್ಟು ಹೋದಳು. ನೀರೇ ತಾನೇ ಹೊಡಿ ಅಂತ ಕೋರ್ನೆಲ್ ಹೇಳಿದ್ರೂ ಹೊಡೀಲಿಲ್ಲ."

"ನೀರಿದ್ರೂ?"

"ನೀರಿದ್ರೂ."

"ಇನ್ನೊಂದೇ ಸಾಲು ಈ ಕಡೆ ಬಂದಿದ್ರೆ…"

"ಹೌದು. ಒಂದೇ ಸಾಲು." ಜಿವಾನ್ ಕೋಲಿನ ತುದಿಯಲ್ಲಿ ಮಣ್ಣು ಕೆದಕಿದ. "ಅವತ್ತು ನನ್ನ ಕೈಲಿ ಬಿಡೋಕಾಗ್ಲಿಲ್ಲ. ಅವಳು ಬಿಟ್ಟಳು."

ಸ್ವೆತೋಜಾರ್ ಊದಿದ ಕಣ್ಣನ್ನು ಮುಂಗೈಯಿಂದ ಒತ್ತಿಕೊಂಡ. ಆಮೇಲೆ ಎದ್ದ. "ಬಾಗಿಲು ತೆಗೀಬೇಕು, ಇಲ್ಲದಿದ್ರೆ ಒಳಗೆ ಬೆಂದು ಹೋಗ್ತವೆ. ಆ ಮಗ್ಗುಲು ನೀವು ನೋಡ್ಕೊಳ್ಳಿ ಮಾವ. ಹುಲ್ಲು ನಿಧಾನಕ್ಕೆ ಎಳೀರಿ. ಕೋಲು ಆಡಿಸಬೇಡಿ, ಸಿಟ್ಟಿಗೇಳ್ತವೆ."

"ಕಚ್ಚಿದ್ರೆ?"

"ಕಚ್ಚುತ್ತವೆ. ನಿಮಗೆ ಕಚ್ಚೋ ಹಕ್ಕಿದೆ ಅವಕ್ಕೆ."

"ಅದೂ ಸರಿಯೇ," ಎಂದ ಜಿವಾನ್, ಕೋಲನ್ನು ಮಗಳ ಕೈಗೆ ಕೊಟ್ಟು ಆ ಮಗ್ಗುಲಿಗೆ ಹೋದ.

ದೆಸಾಂಕಾ ಕೋಲು ಹಿಡಿದು ದಾರಿಯಲ್ಲಿ ನಿಂತಳು. ಬಸ್ಸಿನ ಈ ಬದಿಯಿಂದ ಒಬ್ಬ, ಆ ಬದಿಯಿಂದ ಒಬ್ಬ ಕೂಗಾಡುತ್ತಿದ್ದರು: ಅದಲ್ಲ, ಕೆಳಗಿಂದು, ಯಾವ ಕೆಳಗಿಂದು, ನೀಲಿ ಪೆಟ್ಟಿಗೆ ಮಾವ, ನೀಲಿ ಗೊತ್ತಾಗಲ್ವಾ, ಇದು ನೀಲಿನಾ, ಇದು ಬೂದಿ ಬಣ್ಣ. ಯಾರೂ ಅವಳ ಕೈಯಲ್ಲಿ ಏನೂ ಹೇಳಿ ಕಳಿಸಲಿಲ್ಲ. ಅವಳಿಗೆ ಅಳು ಬಂತು, ನಗುವೂ ಬಂತು. ಕಾರಿನ ಮೇಲೆ ಕೂತು ಎರಡನ್ನೂ ಮುಗಿಸಿಕೊಂಡಳು.

ನೆವೆನಾ ಸೈಕಲ್ ತುಳಿದುಕೊಂಡು ಬಂದಾಗ ಪೆಟ್ಟಿಗೆಗಳೆಲ್ಲ ತೆರೆದಿದ್ದವು. ಅವಳು ಸೈಕಲ್ಲನ್ನು ಬಸ್ಸಿನ ಮುಂದೆ ನಿಲ್ಲಿಸಲಿಲ್ಲ, ದೂರದ ಮರಕ್ಕೆ ಒರಗಿಸಿದಳು.

"ಎಷ್ಟು ಹೋದವು ಅಪ್ಪ?"

"ಏನೂ ಹೋಗಿಲ್ಲ. ನನ್ನ ಅಂಗಿ ಹೋಯ್ತು." ಅವನು ಮಗಳನ್ನು ಒಂದೇ ಕಣ್ಣಿನಲ್ಲಿ ನೋಡಿದ. "ಇಷ್ಟು ಮರ ಇದ್ರೂ ಬಸ್ಸು ಹೆಂಗೆ ಕಾಣ್ತು ನಿನಗೆ?"

"ತಿರುವು ಅಗಲ ಮಾಡಿದ್ನಲ್ಲ, ಮರ ದಾಟಿ ಬಂದೆ. ಕೆಳಗೆ ನೋಡಿದ್ರೆ ನಮ್ಮ ಗೇಟಿನ ಹಸಿರು ಬಣ್ಣ. ಮಿಕ್ಕಿದ ಬಣ್ಣ ಬಸ್ಸಿನ ನೆತ್ತಿಗೆ ಬಳಿದಿದ್ದೆಯಲ್ಲ."

"ಬಿಗಿಯಾಗಿ ತಿರುಗಿದ್ರೆ?"

"ಮರ ದಾಟ್ತಾನೇ ಇರ್ಲಿಲ್ಲ. ಕಾಣ್ತಿರ್ಲಿಲ್ಲ."

ಸ್ವೆತೋಜಾರ್ ಮಾವನ ಕಡೆ ತಿರುಗಿದ. ಮುದುಕ ಕುತ್ತಿಗೆಯ ಕಡಿತಕ್ಕೆ ಎಂಜಲು ಹಚ್ಚಿಕೊಳ್ಳುತ್ತಿದ್ದ.

"ಉಪ್ಪಿನ ಬಟ್ಟಲು," ಎಂದ ಜಿವಾನ್, ಯಾರನ್ನೂ ನೋಡದೆ. "ಆಟದ ಸಾಮಾನಲ್ಲ ಅಂತ ಯಾರೋ ಅಂದಿದ್ರು."

ಕೋರ್ನೆಲ್ ಹೊಗಳಲಿಲ್ಲ. ಉಳಿದ ಸಾಲುಗಳಿಗೆ ಬಸ್ಸು ತೆಗೆದ ಮೇಲೆ ಬಾ ಎಂದನಷ್ಟೆ. ಹೋಗುವಾಗ ಮಾತ್ರ, "ನೀರನ್ನೂ ಔಷಧಿ ಅಂದ್ಕೊಂಡೇ ಹಾರ್ಬೇಕು. ಪರೀಕ್ಷೆ ಮಾಡೋನು ಅದನ್ನ ಬಾಯಿಬಿಟ್ಟು ಹೇಳೋ ಹಾಗಿಲ್ಲ," ಎಂದ. ಅದು ಅವನ ಬಾಯಲ್ಲಿ ದೊಡ್ಡ ಮಾತು ಎಂದು ನೆವೆನಾ ಆಮೇಲೆ ಹೇಳಿದಳು.

ಸಂಜೆ ಸ್ವೆತೋಜಾರ್ ತಾನೇ ಕಚೇರಿಗೆ ಫೋನು ಮಾಡಿದ. ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು, ಬಸ್ಸು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕಿರುಚಿ ಹೇಳಿದ. ಆ ಕಡೆಯಿಂದ ಸಾವೆತಾ, "ಯಾಕೆ, ದೆಸಾಂಕಾಗೆ ಹುಷಾರಿಲ್ವಾ?" ಎಂದು ಕೇಳಿದ್ದು ಇಡೀ ಅಡುಗೆಮನೆಗೆ ಕೇಳಿಸಿತು.

ಮರುದಿನದಿಂದ ಆ ಸೀಮೆಯ ಬಿರುಸಿನ ಕೋಶಾವಾ ಗಾಳಿ ಎದ್ದಿತು. ಹಲವು ದಿನ ಬೀಸಿ ಹೆಂಚು ಅಲುಗಿಸಿತು, ಹಗ್ಗದ ಮೇಲಿನ ಬಟ್ಟೆಗಳನ್ನು ಪಕ್ಕದವರ ಹಿತ್ತಲಿಗೆ ಹಾಕಿತು. ಯಾವ ವಿಮಾನವೂ ಏಳಲಿಲ್ಲ. ಗಾಳಿ ಮಲಗಿದ ಬೆಳಿಗ್ಗೆ ನೆವೆನಾ ಉಳಿದ ಸಾಲು ಮುಗಿಸಿದಳು. ಬದುವಿನಲ್ಲಿ ಎರಡು ಕುರ್ಚಿಗಳಿದ್ದವು. ಸ್ವೆತೋಜಾರ್ ಕೂರಲಿಲ್ಲ, ಕುರ್ಚಿಯ ಬೆನ್ನು ಹಿಡಿದು ಕೊನೆಯ ತಿರುವು ಮುಗಿಯುವವರೆಗೂ ನಿಂತೇ ಇದ್ದ.

ಆ ಸಂಜೆ ದೆಸಾಂಕಾ ಮತ್ತೆ ಹುರುಳಿಕಾಯಿ ಬೀಜದ ಸಾರು ಮಾಡಿದಳು. ನೆವೆನಾಳ ಲೈಸೆನ್ಸಿಗೆ ಹೊಸ ಅರ್ಹತೆ ಸೇರಿಸಲು ಕೋರ್ನೆಲ್ ಸಹಿ ಹಾಕಿದ್ದ. ಸ್ವೆತೋಜಾರ್ ಎಲ್ಲರಿಗೂ ಸಣ್ಣ ಲೋಟದಲ್ಲಿ ರಾಕಿಯಾ ಸುರಿದ, ಮಾವನಿಗೂ.

"ಔಷಧಿ ಔಷಧಿನೇ," ಎಂದ. "ನನಗೆ ಅದು ಇಷ್ಟ ಇಲ್ಲ, ಇವತ್ತೂ ಇಲ್ಲ, ನಾಳೆಯೂ ಇಲ್ಲ. ನೀನು ಹಾರೋ ಹಿಂದಿನ ದಿನ ನನಗೆ ಹೇಳ್ಬೇಕು."

"ಹೇಳ್ತೀನಿ ಅಪ್ಪ."

"ನನಗೇ ಹೇಳ್ಬೇಕು. ನಿಮ್ಮಮ್ಮನ ಕೈಲಿ ಅಲ್ಲ. ಬೆಕ್ಕಿನ ಕೈಲೂ ಅಲ್ಲ."

ಅವನು ಸಾರಿನ ಒಂದು ಚಮಚ ಬಾಯಿಗಿಟ್ಟ, ಮುಖ ಕಿವುಚಿದ. ಕೆಂಪು ಬಟ್ಟಲಿಗೆ ಕೈ ಚಾಚಿದ, ಅದು ಅಲ್ಲಿರಲಿಲ್ಲ. ಮಧ್ಯಾಹ್ನವೇ ದೆಸಾಂಕಾ ಅದಕ್ಕೆ ಸೋಡಾ ಪುಡಿ ತುಂಬಿ ಕಪಾಟಿಗೆ ಸೇರಿಸಿದ್ದಳು. ಅವನು ಅವಳ ಕಡೆ ನೋಡಿದ, ಅವಳು ಕ್ಷಣವೂ ತಡೆಯದೆ ಕಿಟಕಿಯಾಚೆ ನೋಡಿದಳು.

"ಮಾವ," ಎಂದ ಸ್ವೆತೋಜಾರ್, "ಉಪ್ಪು ಕೊಡಿ."

ಜಿವಾನ್ ನೀಲಿ ಹೂವಿನ ಬಟ್ಟಲನ್ನು ಎತ್ತಲಿಲ್ಲ. ಮೇಜುಬಟ್ಟೆಯ ಮೇಲೆ ಅದನ್ನು ಮೆಲ್ಲಗೆ ಸರಿಸತೊಡಗಿದ. ಮಗಳ ತಟ್ಟೆ ದಾಟಿಸಿದ, ಬ್ರೆಡ್ಡಿನ ಬುಟ್ಟಿಯನ್ನು ಅಗಲವಾಗಿ ಬಳಸಿದ.

"ಸಾರು ತಣ್ಣಗಾಗ್ತಿದೆ ಮಾವ."

"ಸ್ವಲ್ಪ ತಡೀರಿ ಅಳಿಯಂದ್ರೆ," ಎಂದ ಮುದುಕ. "ತಿರುವಿನಲ್ಲಿದೀನಿ."